ಬೋಗುಣಿ ಹಿಡಿದು ಬಂದ ಚಿಕ್ಕಪ್ಪ

ಅಂಗಡಿಯಿಂದ, ಹದಿನಾಲ್ಕನೇ ತಾರೀಖು, ಬುಧವಾರ

ನನ್ನ ಮುದ್ದು ಮಗಳೇ,

ನಿನ್ನ ಬೆನ್ನುನೋವು ಕಡಿಮೆಯಾಯಿತೇ? ಕೂತಲ್ಲೇ ಕೂತು ಟೈಪು ಮಾಡಬೇಡ, ಆಗಾಗ ಎದ್ದು ಓಡಾಡು ಅಂದರೆ ಕೇಳುವವಳಲ್ಲ ನೀನು. ಇರಲಿ. ಅಮ್ಮ ಗಟ್ಟಿಯಾಗಿದ್ದಾಳೆ, ದಿನದ ಜಗಳ ತಪ್ಪಿಸಿಲ್ಲ.

ಸುದ್ದಿ ಏನೆಂದರೆ, ನಿನ್ನ ಚಿಕ್ಕಪ್ಪ ಬಂದಿದ್ದಾನೆ. ಹೌದು, ಅವನೇ. ಅಂಗಡಿಯಲ್ಲಿ ಪಾಲು ಕೇಳಿ, ಕೊಡಲ್ಲ ಅಂದದ್ದಕ್ಕೆ ಸುತ್ತಿಗೆ ಎಸೆದು ಹೋದವನು, ನಿನ್ನ ಮದುವೆಗೂ ಬಾರದವನು. ಈಗ ಯಾವುದೋ ಪ್ರಾರ್ಥನಾ ಮಂದಿರ ಸೇರಿದ್ದಾನಂತೆ. ಮುನಿಸಿಕೊಂಡವರ ಕಾಲು ತೊಳೆಯುವುದು ಅಲ್ಲಿಯ ಪದ್ಧತಿಯಂತೆ. ಹೋದ ವಾರ ಬೋಗುಣಿ, ಟವೆಲ್ಲು ಹಿಡಿದು ಅಂಗಡಿ ಬಾಗಿಲಲ್ಲೇ ನಿಂತ. "ಅಣ್ಣಾ, ಕಾಲು ಕೊಡು." ನನಗೆ ಮೈಯೆಲ್ಲ ಉರಿಯಿತು. ಸುಮ್ಮನೆ ಬಗ್ಗುವ ಆಸಾಮಿಯಲ್ಲ ಅವನು. ಅಂಗಡಿಯ ಮೇಲೇ ಕಣ್ಣು ಅಂತ ಖಾತ್ರಿಯಾಯಿತು. "ಕಾಲು ಹಿಡಿಯೋದು ಎಳೆಯೋಕೆ ತಾನೇ?" ಅಂದೆ. ನಕ್ಕ. ಎಷ್ಟೋ ಧರ್ಮಗಳಲ್ಲಿ ಇದಿದೆಯಂತೆ. ಒಂದು ಕಡೆ ಅತಿಥಿಯ ಕಾಲು, ಒಂದು ಕಡೆ ಗುರುವಿನದು, ಇನ್ನೊಂದು ಕಡೆ ಗುರುವೇ ಶಿಷ್ಯರ ಕಾಲು ತೊಳೆದನಂತೆ. "ತೊಳೆಯೋಕೆ ಎಲ್ಲರೂ ಬಗ್ತಾರೆ ಅಣ್ಣಾ. ತೊಳೆಸ್ಕೊಳ್ಳೋಕೆ ಯಾರೂ ಒಪ್ಪಲ್ಲ." ಉಪದೇಶ ಬೇರೆ! ಜೀವಮಾನವೆಲ್ಲ ಊರವರ ಪಾದ ಮಂಡಿಯ ಮೇಲಿಟ್ಟುಕೊಂಡು ಬೂಟಿನ ಅಳತೆ ತೆಗೆದವನಿಗೆ ಇವನಿಂದ ಪಾದದ ಪಾಠ. ಗಿರಾಕಿಗಳು ನೋಡುತ್ತಿದ್ದರು, ಬೇಗ ಮುಗಿಸಿ ತೊಲಗಲಿ ಅಂತ ಕಾಲು ನೀಡಿದೆ.

ಎಡಗಾಲು ತೊಳೆದ. ಬಲಗಾಲು ಎತ್ತಿದವನು ಅಂಗಾಲನ್ನೇ ನೋಡುತ್ತ ಕೂತುಬಿಟ್ಟ. ನಾಟಕ ಸಾಕು ಅಂತ ಬೈದೆ. ನನ್ನ ಇಕ್ಕಳ ತೆಗೆದುಕೊಂಡು ಏನೋ ಕಿತ್ತು ಅಂಗೈ ಮೇಲಿಟ್ಟ. ಬೂಟಿನ ಅಟ್ಟೆಗೆ ಹೊಡೆಯುವ ಮೊಳೆ, ನಮ್ಮ ಅಂಗಡಿಯದೇ. ಬೆರಳ ಬುಡದಲ್ಲಿ ಮಾಂಸ ಕಪ್ಪಾಗಿತ್ತು. ಯಾವಾಗ ಹೊಕ್ಕಿತೋ ನನಗೆ ಗೊತ್ತೇ ಆಗಿಲ್ಲ. "ನೋವಾಗ್ಲಿಲ್ವಾ ಅಣ್ಣಾ?" ಅಂತ ಅವನು ಅತ್ತ. ಅತ್ತರೆ ನಂಬಿಬಿಡುತ್ತೇನೆಯೇ? ಅವತ್ತಿನಿಂದ ದಿನಾ ಬಂದು ಗಾಯ ತೊಳೆದು ಬಟ್ಟೆ ಕಟ್ಟಿ ಹೋಗುತ್ತಾನೆ, ಅಂಗಡಿಯ ಮಾತೇ ಎತ್ತುವುದಿಲ್ಲ. ಎತ್ತದಿರುವುದೇ ನನಗೆ ಅನುಮಾನ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೊಮ್ಮಗಳಿಗೆ ಒಂದು ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ ಸಿಡುಕು ಮೂತಿಯ
ಅಪ್ಪ

ತಾ.ಕ.: ಡಾಕ್ಟರಿಗೆ ತೋರಿಸಿದೆ. ನನಗೆ ಸಕ್ಕರೆ ಕಾಯಿಲೆಯಂತೆ, ಪಾದ ಜೋಮು ಹಿಡಿದುಹೋಗಿದೆಯಂತೆ. ಬರುವ ವಾರ ಶುಕ್ರವಾರ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆಯುತ್ತಾರೆ. ಅಮ್ಮನಿಗೆ ಮೊಳೆ ಚುಚ್ಚಿತು ಅಂತಷ್ಟೇ ಹೇಳಿದ್ದೇನೆ. ಅಂಗಡಿಯ ಬೀಗದ ಕೈ ಚಿಕ್ಕಪ್ಪನಿಗೆ ಕೊಟ್ಟೆ. ಬೇಡ ಅಂದ, ಬೈದು ಕೊಟ್ಟೆ. ನೀನು ಬಾ. ಯಾಕೆ ಬಂದೆ ಅಂತ ಅಮ್ಮ ಕೇಳಿದರೆ, ಚಿಕ್ಕಪ್ಪನ ಮೇಲೆ ಒಂದು ಕಣ್ಣಿಡೋಕೆ ಅನ್ನು.