ತಪ್ಪು ಉತ್ತರಕ್ಕೆ ಅಭಿನಂದನೆ ಹೇಳುವ ಪರೀಕ್ಷೆ

ಸಂಧಿವಾತ ತಜ್ಞರ ನಿರಂತರ ಶಿಕ್ಷಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಆನ್‌ಲೈನ್ ಸ್ವಯಂ ಮೌಲ್ಯಮಾಪನದಲ್ಲಿ ಗೌಟ್ ಕಾಯಿಲೆಯ ಪಾಠದ ಕೊನೆಗೆ ಒಂದು ಪ್ರಶ್ನೆ ಬರುತ್ತದೆ. ಅದಕ್ಕೆ ನೀವು ಸರಿ ಎಂದು ಗುರುತಿಸಿಟ್ಟಿರುವ ಉತ್ತರ ತಪ್ಪು. ತಪ್ಪೆಂದು ಕಳೆದ ಚಳಿಗಾಲದಲ್ಲೇ ನಿಮಗೆ ತಿಳಿಸಿದ್ದೆ. ನೀವು ತಿದ್ದಲಿಲ್ಲ. ಆ ಉತ್ತರವನ್ನು ನಂಬಿದ ವೈದ್ಯರೊಬ್ಬರು ಬರೆದುಕೊಟ್ಟ ಮಾತ್ರೆ ನುಂಗಿದ ನಮ್ಮೂರಿನ ಬಸ್ ಚಾಲಕ ಇಂದು ಹಗಲು ಹೊತ್ತು ಕಿಟಕಿಯ ಪರದೆ ಸರಿಸಲಾರ. ಖಾಸಗಿಯಾಗಿ ಬರೆದದ್ದಕ್ಕೆಲ್ಲ ನಿಮ್ಮ ಯಂತ್ರವೇ ಉತ್ತರಿಸಿದ್ದರಿಂದ ಈಗ ಎಲ್ಲರೆದುರು ಬರೆಯುತ್ತಿದ್ದೇನೆ. ಪತ್ರಿಕೆ ಓದುವ ಕೆಲಸವನ್ನಾದರೂ ನೀವು ಯಂತ್ರಕ್ಕೆ ವಹಿಸಿಲ್ಲವೆಂದು ನಂಬಿದ್ದೇನೆ.

ಕಲಿಯುವುದೆಂದರೆ ನನಗೆ ಬೇಸರವಿಲ್ಲ. ಕೊರಿಯಾದ ಪೂರ್ವ ಕರಾವಳಿಯ ಈ ಮುಖೋ ಬಂದರಿನಲ್ಲಿ ಕೀಲುನೋವಿನವರಿಗೆ ಇರುವ ತಜ್ಞೆ ನಾನೊಬ್ಬಳೇ. ಹೊಸದನ್ನು ತಿಳಿಯದೆ ಕೂತರೆ ಇಲ್ಲಿ ನನ್ನ ತಪ್ಪು ತಿದ್ದುವವರು ಯಾರೂ ಇಲ್ಲ ಎಂಬ ಹೆದರಿಕೆಯಿಂದಲೇ ಓದುತ್ತೇನೆ. ಆದರೆ ನೀವು ಕಲಿಸುವ ಬಗೆಯನ್ನು ಒಮ್ಮೆ ನೀವೇ ಅನುಭವಿಸಿದ್ದೀರಾ? ವಿಡಿಯೊವನ್ನು ಮುಂದಕ್ಕೆ ಓಡಿಸುವಂತಿಲ್ಲ. ನಡುನಡುವೆ ಪರದೆಯ ಮೇಲೆ 'ನೀವು ಇದ್ದೀರಾ?' ಎಂಬ ಪ್ರಶ್ನೆ ಮೂಡುತ್ತದೆ. ತಕ್ಷಣ ಒತ್ತದಿದ್ದರೆ ಪಾಠ ಮೊದಲಿನಿಂದ ಶುರು. ಒಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ಹಾಗೆ ಕೂತಿದ್ದಾಗ, ಸ್ಕ್ವಿಡ್ ಮೀನು ಸೀಳಿ ಸೀಳಿ ಬೆರಳು ಸೊಟ್ಟಗಾದ ಅಜ್ಜಿಯೊಬ್ಬರು ಬಂದರು. ಅವರ ಮಣಿಕಟ್ಟು ಹಿಡಿದು ನೋಡುತ್ತಿರುವಾಗಲೇ ಪರದೆ ಮಿನುಗಿತು.

"ಅದೇನೋ ಕೇಳ್ತಿದೆಯಲ್ಲಮ್ಮ?"

"ನಾನು ಇಲ್ಲಿ ಇದ್ದೀನಾ ಅಂತ ಕೇಳ್ತಿದೆ ಅಜ್ಜಿ."

"ಅಯ್ಯೋ, ಕಣ್ಣು ಕಾಣಲ್ವಾ ಅದಕ್ಕೆ? ನನ್ನ ಕೈ ಹಿಡ್ಕೊಂಡು ಕೂತಿಲ್ವಾ ನೀನು?"

ನಾನು ಕೈ ಬಿಡಲಿಲ್ಲ. ಪಾಠ ಮತ್ತೆ ಮೊದಲಿನಿಂದ ಶುರುವಾಯಿತು. ಇಂಥವನ್ನೆಲ್ಲ ನಕ್ಕು ಮರೆಯಬಹುದು, ಮರೆತಿದ್ದೆ ಕೂಡ. ಆ ಗೌಟ್ ಪ್ರಶ್ನೆಯನ್ನು ಮಾತ್ರ ಮರೆಯಲಾಗಲಿಲ್ಲ.

ಪ್ರಶ್ನೆಯೊಳಗಿನ ರೋಗಿ ವಾರಾಂತ್ಯದಲ್ಲಿ ಚೀಸ್ ತಿಂದು ಕೆಂಪು ವೈನ್ ಕುಡಿಯುವವನು. ಮೂತ್ರಪಿಂಡ ದುರ್ಬಲ, ಕಾಲಿನ ಹೆಬ್ಬೆರಳು ಪದೇ ಪದೇ ಊದುತ್ತದೆ. ಮುಂದೇನು? ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆಯನ್ನು ನೇರವಾಗಿ ಪೂರ್ಣ ಪ್ರಮಾಣದಲ್ಲಿ ಕೊಡಿ ಎನ್ನುತ್ತದೆ ನಿಮ್ಮ ಉತ್ತರ. ಮೊದಲು ಜೀನ್ ಪರೀಕ್ಷೆ ಮಾಡಿಸಬೇಕು ಎಂಬ ಉತ್ತರವನ್ನು ನಾನು ಒತ್ತಿದೆ. ಅಧ್ಯಕ್ಷರೇ, ಒಂದು ಬಗೆಯ ಜೀನ್ ಇರುವವರಿಗೆ ಈ ಮಾತ್ರೆ ಚರ್ಮವನ್ನೇ ಸುಲಿಯುವಷ್ಟು ವಿಷವಾಗಬಲ್ಲದು, ಮೂತ್ರಪಿಂಡ ಸೋತಿದ್ದರೆ ಅಪಾಯ ಇನ್ನೂ ಹೆಚ್ಚು. ಆ ಜೀನ್ ಚೀಸ್ ತಿನ್ನುವ ಆ ಮನುಷ್ಯನ ಊರಿನಲ್ಲಿ ಅಪರೂಪ, ನಮ್ಮ ಕೊರಿಯಾದವರಲ್ಲಿ ಅಷ್ಟು ಅಪರೂಪವಲ್ಲ. ಇದು ನನ್ನ ಸಂಶೋಧನೆಯಲ್ಲ, ನೀವೂ ಓದಿರುವ ಸಂಗತಿ. ಹಾಗಿದ್ದ ಮೇಲೆ ದೂರದ ದೇಶದ ಪ್ರಶ್ನೆಯನ್ನು ಅನುವಾದಿಸಿ ತಂದವರು ಉತ್ತರವನ್ನೂ ಹಾಗೇ ಹೊತ್ತು ತಂದದ್ದೇಕೆ? ನಮ್ಮ ರೋಗಿಗಳ ಮೈಯನ್ನೂ ಅನುವಾದಿಸಬಹುದೆಂದು ನಿಮಗೆ ಯಾರು ಹೇಳಿದರು?

'ತಪ್ಪು. ಸರಿಯಾದ ಉತ್ತರ ಆರಿಸುವವರೆಗೆ ಮುಂದುವರಿಯಲಾಗದು' ಎಂದಿತು ಪರದೆ. ನಿಮ್ಮ ಕಚೇರಿಗೆ ಫೋನ್ ಮಾಡಿದೆ. ತುಂಬ ವಿನಯದ ದನಿಯೊಂದು ಸಿಕ್ಕಿತು.

"ಮೇಡಂ, ಸಿಸ್ಟಂನಲ್ಲಿ ಅದೇ ಸರಿ ಅಂತ ಇದೆ."

"ಸಿಸ್ಟಂನಲ್ಲೇ ತಪ್ಪಿದೆ ಅಂತ ಹೇಳೋಕೆ ಫೋನ್ ಮಾಡಿದ್ದೀನಪ್ಪ."

"ತಪ್ಪಿದ್ರೆ ಸಿಸ್ಟಂ ತೋರಿಸ್ತಿತ್ತು ಮೇಡಂ."

"ಡಾಕ್ಟರ್ ಯಾರಾದ್ರೂ ಇದ್ದಾರಾ ಅಲ್ಲಿ?"

"ಇಲ್ಲಿ ಡಾಕ್ಟರ್ ಯಾರೂ ಬರಲ್ಲ. ನೋಡಿ, ಎರಡನೇ ಸಲ ಎಲ್ರೂ ಅದನ್ನೇ ಒತ್ತಿ ಮುಗಿಸ್ಕೋತಾರೆ. ನೀವೂ ಒತ್ತಿಬಿಡಿ ಮೇಡಂ, ಯಾರು ನೋಡ್ತಾರೆ?"

ನಾನು ಒತ್ತಲಿಲ್ಲ. ಹಟವೆನ್ನಿ, ಸೊಕ್ಕೆನ್ನಿ. ಲಿಖಿತವಾಗಿ ದೂರು ಕೊಟ್ಟೆ. 'ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ' ಎಂಬ ಉತ್ತರ ನಾನು ಕಳುಹಿಸಿದ ಮರುಗಳಿಗೆಗೇ ಬಂತು. ಅಷ್ಟು ಬೇಗ ಓದಬಲ್ಲವರು ಮನುಷ್ಯರಲ್ಲ. ಮತ್ತೆ ಬರೆದೆ, ಮತ್ತೆ ಅದೇ ಧನ್ಯವಾದ. ವಸಂತದಲ್ಲಿ ಆಜ್ಞೆ ಬಂತು: ಪಾಠ ಪೂರ್ಣಗೊಳಿಸದ ತಜ್ಞರು ರಾಜಧಾನಿ ಸೋಲ್‌ಗೆ ಬಂದು ಪುನಶ್ಚೇತನ ತರಬೇತಿಗೆ ಹಾಜರಾಗತಕ್ಕದ್ದು. ತಪ್ಪಿದರೆ ತಜ್ಞರ ಮಾನ್ಯತೆ ಅಮಾನತು.

ಹೋದೆ. ಎದುರಾಬದುರು ಕೂತು ವಾದಿಸಲು ಯಾರಾದರೂ ಸಿಕ್ಕಾರೆಂಬ ಆಸೆ. ಪುಸ್ತಕಗಳನ್ನೂ ಹೊತ್ತು ಹೋಗಿದ್ದೆ. ದೊಡ್ಡ ಸಭಾಂಗಣದಲ್ಲಿ ನಮ್ಮನ್ನೆಲ್ಲ ಕೂರಿಸಿ, ಅದೇ ವಿಡಿಯೊವನ್ನು ಇನ್ನೂ ದೊಡ್ಡ ಪರದೆಯ ಮೇಲೆ ತೋರಿಸಿದಿರಿ. ಬಾಗಿಲಲ್ಲಿ ಹಾಜರಿ ಹಾಕುವವರೊಬ್ಬರು ಬಿಟ್ಟರೆ ಸಮಿತಿಯ ಕಡೆಯಿಂದ ನರಪಿಳ್ಳೆಯೂ ಇರಲಿಲ್ಲ. ಕೊನೆಗೆ ಮತ್ತೆ ಅದೇ ಪ್ರಶ್ನೆ ಬಂತು, ಅಲ್ಲೂ ನಿಮ್ಮ ಉತ್ತರ ಒತ್ತದ್ದರಿಂದ ನನ್ನ ಮಾನ್ಯತೆ ಅಮಾನತಾಯಿತು.

ನಾನು ಆ ಕತ್ತಲೆ ಸಭಾಂಗಣದಲ್ಲಿ ಕೂತಿದ್ದ ಹೊತ್ತಿಗೇ ಇತ್ತ ಮುಖೋದಲ್ಲಿ ಪ್ಯೋ ದಲ್-ಸು ಕುಂಟುತ್ತ ನಮ್ಮ ಆಸ್ಪತ್ರೆಗೆ ಬಂದರು. ಬಂದರಿನಿಂದ ಗುಡ್ಡದ ಮೇಲಿನ ಕೇರಿಗಳಿಗೆ ಬಸ್ ಓಡಿಸುವವರು. ಹೆಬ್ಬೆರಳು ಊದಿ ಬ್ರೇಕ್ ಒತ್ತಲಾಗುತ್ತಿರಲಿಲ್ಲ. ಮೂತ್ರಪಿಂಡ ಮೊದಲೇ ದುರ್ಬಲ. ನನ್ನ ಬದಲಿಗೆ ಕೂತಿದ್ದವರು ಡಾಕ್ಟರ್ ತಕ್ ಇನ್-ಸೊಕ್. ಸಾಮಾನ್ಯ ವೈದ್ಯರು, ಶ್ರದ್ಧೆಯ ಮನುಷ್ಯ. ನನಗೆ ನೆರವಾಗಲೆಂದೇ ನಿಮ್ಮ ಪಾಠಗಳನ್ನು ಸ್ವಂತ ಇಚ್ಛೆಯಿಂದ ಓದಿ ಮುಗಿಸಿದ್ದರು. ನೋವಿಗೊಂದು ಮಾತ್ರೆ ಬರೆದು, ಜೊತೆಗೆ ನಿಮ್ಮ ಉತ್ತರದ ಆ ಅಲೋಪ್ಯೂರಿನಾಲನ್ನೂ ಪೂರ್ಣ ಪ್ರಮಾಣದಲ್ಲಿ ಬರೆದರು.

ಕೆಲವು ವಾರಗಳ ನಂತರ ಪ್ಯೋ ಅವರ ಹೆಂಡತಿ ಓಕ್-ಬುನ್ ಗಂಡನನ್ನು ತೋಳು ಹಿಡಿದು ನಡೆಸಿಕೊಂಡು ನನ್ನ ಕೊಠಡಿಗೆ ಬಂದರು.

"ಫ್ಲೂ ಅಂದ್ಕೊಂಡೆ ಡಾಕ್ಟ್ರಮ್ಮ. ಜ್ವರ ಬಂತು, ಗಂಜಿ ಕೊಟ್ಟೆ. ಗಂಜೀನೂ ನುಂಗಕ್ಕಾಗ್ತಿಲ್ಲ ಈಗ. ಬಾಯೆಲ್ಲ ಹುಣ್ಣು. ಅಂಗಿ ತೆಗೆಯೋಕೆ ಹೋದ್ರೆ..." ಅವರು ಗಂಡನ ಅಂಗಿಯ ಅಂಚು ಎತ್ತಿ ತೋರಿಸಿದರು.

ಅಂಗಿಯ ಜೊತೆ ಬೆನ್ನಿನ ಚರ್ಮವೂ ಬರುತ್ತಿತ್ತು. ಕಣ್ಣುಗಳು ಅಂಟಿಕೊಂಡಿದ್ದವು. ಯಾವ ಮಾತ್ರೆ ಎಂದು ಕೇಳುವ ಮೊದಲೇ ನನಗೆ ಗೊತ್ತಾಯಿತು. ಕೇಳಿದೆ, ಓಕ್-ಬುನ್ ಚೀಲದಿಂದ ತೆಗೆದು ತೋರಿಸಿದರು. ಆಗಿಂದಾಗಲೇ ನಗರದ ದೊಡ್ಡ ಆಸ್ಪತ್ರೆಯ ಸುಟ್ಟಗಾಯದ ವಿಭಾಗಕ್ಕೆ ಆಂಬುಲೆನ್ಸಿನಲ್ಲಿ ಕಳುಹಿಸಿದೆ. ಸ್ಟ್ರೆಚರಿನ ಮೇಲೆ ಮಲಗಿದ್ದ ಪ್ಯೋ, ಒಡೆದ ತುಟಿಯಲ್ಲೇ ಗೊಣಗಿದರು: "ಡ್ರೈವರಿಗೆ ಹೇಳಿ, ಆ ತಿರುವಿನಲ್ಲಿ ಮೆಲ್ಲಗೆ ಹೋಗ್ಲಿ. ನಾನಾದ್ರೆ ಜನರನ್ನ ಹಿಂಗೆ ಕುಲುಕಲ್ಲ."

ತಕ್ ಅವರ ಕೊಠಡಿಗೆ ಸಿಟ್ಟಿನಿಂದಲೇ ಹೋದೆ.

"ಜೀನ್ ಪರೀಕ್ಷೆ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಅಕ್ಕಾ. ನಿಮ್ಮ ಸಮಿತಿ ಪರೀಕ್ಷೇಲಿ ನಾನು ಮೊದಲು ಒತ್ತಿದ್ದೂ ಅದನ್ನೇ. ತಪ್ಪು ಅಂತು. ಇನ್ನೊಂದು ಒತ್ತಿದೆ, ಅಭಿನಂದನೆ ಅಂತು. ನಾನು ಓದಿದ್ದು ಹಳೇದಾಗಿರ್ಬೇಕು, ದೊಡ್ಡವರು ಹೊಸ ನಿಯಮ ತಂದಿದ್ದಾರೆ ಅಂದ್ಕೊಂಡೆ."

ಈ ಮಾತನ್ನು ಇನ್ನೊಮ್ಮೆ ಓದಿ, ಅಧ್ಯಕ್ಷರೇ. ಗೊತ್ತಿಲ್ಲದವರಿಗೆ ಕಲಿಸುವುದು ಶಿಕ್ಷಣ. ಗೊತ್ತಿದ್ದವರ ತಲೆಯಿಂದ ಗೊತ್ತಿದ್ದದ್ದನ್ನು ತೆಗೆದುಹಾಕುವ ಕೆಲಸಕ್ಕೆ ಏನೆಂದು ಹೆಸರಿಡೋಣ? ತಕ್ ನಿರ್ದೋಷಿ ಎಂದು ನಾನು ಹೇಳುತ್ತಿಲ್ಲ, ಅವರೂ ಹೇಳುತ್ತಿಲ್ಲ. ರೋಗಿಯ ಮೂತ್ರಪಿಂಡದ ವರದಿ ಕಣ್ಣೆದುರು ಇರುವಾಗ ಪರದೆಯ ಮಾತು ಕೇಳಿದ್ದು ಅವರ ತಪ್ಪು. ಆ ತಪ್ಪನ್ನು ಅವರು ಹೊತ್ತರು. ಪ್ಯೋ ಬದುಕುಳಿದು ವಾರ್ಡಿಗೆ ಬಂದ ದಿನ ಅಲ್ಲಿಗೆ ಹೋಗಿ, ಮಂಡಿಯೂರಿ ತಲೆಬಾಗಿ, ಮಾತ್ರೆ ಕೊಟ್ಟದ್ದು ತಾನೇ ಎಂದರು. ನಾನೂ ಜೊತೆಗಿದ್ದೆ.

ಓಕ್-ಬುನ್ ಕೇಳಿದರು: "ಓದಿರ್ಲಿಲ್ವಾ ಡಾಕ್ಟ್ರೇ ನೀವು?"

"ಓದಿದ್ದೆ ಅಮ್ಮಾ. ಓದಿಸಿದ್ದೇ ತಪ್ಪಾಗಿತ್ತು. ಆದ್ರೆ ಬರೆದಿದ್ದು ನನ್ನ ಕೈ."

"ಏಳಿ. ಮಂಡಿ ಮೇಲೆ ಕೂತ್ರೆ ಇವರ ಕಣ್ಣು ಬರುತ್ತಾ?"

ಚರ್ಮ ಮತ್ತೆ ಬಂದಿದೆ. ಕಣ್ಣು ಬಂದಿಲ್ಲ. ಕಣ್ಣಿನ ಮೇಲ್ಪೊರೆಯಲ್ಲಿ ಕಲೆ ಉಳಿದು, ಬೆಳಕು ಚುಚ್ಚುತ್ತದೆ, ಎದುರಿಗಿದ್ದವರ ಮುಖ ಮಬ್ಬಾಗಿ ಕಾಣುತ್ತದೆ. ಬಸ್ಸಿನ ಕೆಲಸ ಹೋಯಿತು. ಆಸ್ಪತ್ರೆಯಲ್ಲಿ ಮಾಡಿಸಿದ ಜೀನ್ ಪರೀಕ್ಷೆ, ಹೌದು, ಆ ಜೀನ್ ಇದೆ ಎಂದಿತು. ಮೊದಲೇ ಮಾಡಿಸಿದ್ದರೆ ಬೇರೆ ಮಾತ್ರೆ ಕೊಡಬಹುದಿತ್ತು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಓಕ್-ಬುನ್ ಬಾರ್ಲಿ ಚಹಾ ಕೊಟ್ಟರು. ಒಳಗೆ ಕತ್ತಲಲ್ಲಿ ಪ್ಯೋ ರೇಡಿಯೊ ಕೇಳುತ್ತಿದ್ದರು. ದೂರು, ಪರಿಹಾರ, ಯಾವುದರ ಮಾತನ್ನೂ ಆಕೆ ಎತ್ತಲಿಲ್ಲ. ಒಂದೇ ಒಂದು ಕೇಳಿದರು.

"ಆ ಉತ್ತರ ಈಗ ತೆಗೆದಿದ್ದಾರಾ ಡಾಕ್ಟ್ರಮ್ಮ?"

ಅಲ್ಲೇ ಕೂತು ಫೋನಿನಲ್ಲಿ ನಿಮ್ಮ ಪಾಠ ತೆರೆದು ನೋಡಿದೆ. ತೆಗೆದಿರಲಿಲ್ಲ. ಚಹಾ ಲೋಟ ಕೆಳಗಿಟ್ಟೆ. ಆಕೆ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಎದ್ದು ಒಳಗೆ ಹೋದರು.

ನನ್ನ ಅಂಕ ನನಗೆ ಬೇಡ, ಇಟ್ಟುಕೊಳ್ಳಿ. ಈ ಪತ್ರ ಓದಿದ ದಿನವೇ ಆ ಪ್ರಶ್ನೆಯನ್ನು ಕಿತ್ತುಹಾಕಿ. ಅದನ್ನು ಒತ್ತಿ ನಿಮ್ಮ ಅಭಿನಂದನೆ ಪಡೆದ ಪ್ರತಿಯೊಬ್ಬ ವೈದ್ಯರಿಗೂ 'ನಾವು ತಪ್ಪು ಕಲಿಸಿದೆವು' ಎಂದು ಸ್ಪಷ್ಟ ಮಾತಿನಲ್ಲಿ ಬರೆಯಿರಿ. ಅವರಲ್ಲಿ ಯಾರೋ ಒಬ್ಬರು ಈಗಲೂ ಯಾರಿಗೋ ಮಾತ್ರೆ ಬರೆಯುತ್ತಿರಬಹುದು. ವೈದ್ಯರು ದೂರು ಕೊಟ್ಟರೆ ಓದಿ ಉತ್ತರಿಸಲು ಹೆಸರು, ಮುಖ, ವೈದ್ಯಜ್ಞಾನ ಮೂರೂ ಇರುವ ಒಬ್ಬ ಮನುಷ್ಯನನ್ನು ನೇಮಿಸಿ. ಕೊನೆಗೆ, ಮುಖೋಗೆ ಬಂದು ಓಕ್-ಬುನ್ ಅವರ ಪ್ರಶ್ನೆಗೆ ನೀವೇ ಖುದ್ದಾಗಿ ಉತ್ತರ ಹೇಳಿ. 'ತೆಗೆದಿದ್ದೇವೆ' ಎಂಬ ಒಂದು ಮಾತು ಸಾಕು. ಅದನ್ನು ಹೇಳಲು ಆಗುವವರೆಗೆ ನಿಮ್ಮ ಸರಿಯುತ್ತರವನ್ನು ನಾನು ಒತ್ತುವುದಿಲ್ಲ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇನ್ನೂ ಅನುತ್ತೀರ್ಣಳಾಗಿರುವ
ಸೊನ್ ಹೇ-ರಾನ್
ಸಂಧಿವಾತ ವೈದ್ಯೆ (ಮಾನ್ಯತೆ ಅಮಾನತಿನಲ್ಲಿದೆ), ಮುಖೋ ಬಂದರು