ಅಡ್ಡಪಟ್ಟಿಗೆ ಕಟ್ಟಿದ ಜಾಕೆಟ್ಟುಗಳು

ಪ್ರೀತಿಯ ಅಣ್ಣಾ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಹೊಳೆಯ ಮಾತೆತ್ತಿದರೆ ಸಾಕು, ನೀನು ಎದ್ದು ಹೋಗುತ್ತೀಯ. ಕಾಗದವಾದರೆ ಕೂತು ಓದುತ್ತೀಯ ಎಂಬ ಆಸೆ.

ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವ ಕೆಲಸ ಕಲಿಸಿದವನೇ ನೀನು. ಬಂಡೆಗಳ ನಡುವೆ ಸೆಳವು ಬಂದಲ್ಲಿ ದಡಕ್ಕಿಳಿದು, ದೋಣಿಯನ್ನು ಮಗುಚಿ ಹೆಗಲಿಗೇರಿಸಿ, ಕಾಲುದಾರಿಯಲ್ಲಿ ಹೊತ್ತು, ಆಚೆ ಶಾಂತ ನೀರಿಗಿಳಿಸುತ್ತಿದ್ದೆವು. ಮುಂದೆ ನೀನು, ಹಿಂದೆ ನಾನು. ನನ್ನ ತಲೆ ದೋಣಿಯೊಳಗೆ. ಕಾಣುತ್ತಿದ್ದುದು ನಿನ್ನ ಹಿಮ್ಮಡಿ ಮಾತ್ರ. "ಬೇರಿದೆ, ಕಾಲೆತ್ತೇ ಕತ್ತೆ!" ಎಂದು ನೀನು ಕೂಗುತ್ತಿದ್ದೆ. ಹೆಗಲು ಉಜ್ಜದಿರಲೆಂದು ಲೈಫ್ ಜಾಕೆಟ್ಟುಗಳನ್ನು ದೋಣಿಯ ಅಡ್ಡಪಟ್ಟಿಗಳಿಗೆ ಮೆತ್ತೆಯಾಗಿ ಕಟ್ಟಿಕೊಳ್ಳುವುದು ನಮ್ಮ ರೂಢಿ.

ಆ ದಿನ ಪ್ರವಾಸಿಗರನ್ನು ಇಳಿಸಿ ನಾವಿಬ್ಬರೇ ಮರಳುವಾಗ, ಮಳೆಗೆ ಮೊದಲೇ ದಾಟುವ ಆತುರದಲ್ಲಿ ಅವನ್ನು ಬಿಚ್ಚಿ ತೊಡಲು ಇಬ್ಬರೂ ಮರೆತೆವು. ನಡುನೀರಿನಲ್ಲಿ ದೋಣಿ ಮಗುಚಿತು. ಜಾಕೆಟ್ಟುಗಳು ದೋಣಿಯ ಜೊತೆಗೇ ತೇಲಿಕೊಂಡು ಹೋದವು. ನೀನು ನನ್ನ ಜಡೆ ಹಿಡಿದು ದಡಕ್ಕೆಳೆದೆ. ಆ ಉಪಕಾರವನ್ನು ಸಾಯುವವರೆಗೂ ಮರೆಯಲಾರೆ.

ಆದರೆ ಅಣ್ಣಾ, ಅಂದಿನಿಂದ ಆ ಜಡೆಯನ್ನು ನೀನು ಬಿಟ್ಟೇ ಇಲ್ಲ. ನನ್ನ ಹುಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ದೋಣಿಯ ಹಿಂದಿನ ತುದಿಗೆ ಬೇರೊಬ್ಬನನ್ನು ಗೊತ್ತುಮಾಡಿದೆ. ನನಗೆ ಸಿಕ್ಕಿದ್ದು ಪ್ರವಾಸಿಗರಿಗೆ ಟಿಕೆಟ್ ಕೊಡುವ ನಮ್ಮ ಅಂಗಡಿಯ ಹಿಂದಿನ ಕೋಣೆ. ಜಾಕೆಟ್ಟುಗಳ ಬಕಲ್ ಎಳೆದು ನೋಡು, ಸೀಟಿ ಊದಿ ನೋಡು, ಒದ್ದೆ ಹಗ್ಗ ಒಣಗಿಸು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ದಿನವಿಡೀ ಸೀಟಿ ಊದುತ್ತೇನೆ, ಏನಾಯಿತೆಂದು ಒಬ್ಬರೂ ಕೇಳುವುದಿಲ್ಲ. ಎಂಥಾ ಕರ್ಮ! ಪೇಟೆಗೆ ಹೊರಟರೂ "ಎಲ್ಲಿಗೆ? ಯಾರ ಜೊತೆ?" ಎಂದು ಕೇಳುತ್ತೀಯ. ಉಸಿರು ಕಟ್ಟಿದಂತಾಗುತ್ತದೆ, ಅಣ್ಣಾ. ಆ ದಿನ ನೀರಿನಲ್ಲೂ ಇಷ್ಟು ಕಟ್ಟಿರಲಿಲ್ಲ.

ಮೊನ್ನೆ ಅತ್ತಿಗೆ ಹೇಳಿದರು: "ನಿಮ್ಮಣ್ಣ ನಿದ್ದೇಲಿ ನಿನ್ ಹೆಸ್ರು ಹಿಡಿದು ಕೂಗ್ತಾರೆ ಕಣೇ. ಅವರ ಮೇಲೆ ಕೋಪ ಮಾಡ್ಕೋಬೇಡ." ಅಯ್ಯೋ, ಕೋಪವಿದ್ದಿದ್ದರೆ ಎಷ್ಟು ಸುಲಭವಿತ್ತು! ಜಗಳವಾಡಿ ಎಂದೋ ಹೊರಟುಬಿಡುತ್ತಿದ್ದೆ. ನಿನ್ನ ಹೆದರಿಕೆ ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಅದಕ್ಕೇ ಇಲ್ಲಿ ಸಿಕ್ಕಿಕೊಂಡಿದ್ದೇನೆ.

ಹೊಳೆಯ ಕೆಳದಂಡೆಯಲ್ಲಿ ದೋಣಿ ನಡೆಸುವವಳು ನನ್ನನ್ನು ಕೆಲಸಕ್ಕೆ ಕರೆದಿದ್ದಾಳೆ. ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಹೆಗಲ ಚರ್ಮ ಕಿತ್ತುಬಂದರೂ ಸರಿ, ಜಾಕೆಟ್ ನನ್ನ ಮೈಮೇಲೇ ಇರುತ್ತದೆ, ನಿನ್ನಾಣೆ. ನಾಳೆ ಬೆಳಿಗ್ಗೆ ನಾನು ಚೀಲ ಹಿಡಿದು ಬಂದಾಗ ಬಾಗಿಲಲ್ಲಿ ನಿಲ್ಲಬೇಡ. ನೀನು "ಹೋಗ್ಬೇಡ" ಅಂದರೆ ನಾನು ಉಳಿದುಬಿಡುತ್ತೇನೆ.

ಒಳಗಿನಿಂದಲೇ ಹರಸು. ನಿನಗೆ ಕಣ್ತುಂಬ ನಿದ್ದೆ ಬರಲಿ.

ನಿನ್ನ ತಂಗಿ