ಬೀದಿ ಕಡೆಯ ಕಿಟಕಿ

ಅಕ್ಕಾ,

ಈ ಚೀಟಿಯನ್ನು ಅಮ್ಮ ಮಹಡಿ ಕಿಟಕಿಯಿಂದ ದಾರ ಕಟ್ಟಿ ಇಳಿಸುತ್ತಾಳೆ. ಇದೇ ಕೊನೆಯದು. ನಮ್ಮ ಬೀದಿ ಎರಡು ದೇಶಗಳ ಗಡಿಯಾಯಿತಲ್ಲ, ನಿಮ್ಮ ಕಡೆ ನೋಡುವ ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಬೇಕಂತೆ. ನಾಳೆ ಬೆಳಿಗ್ಗೆ ಅಮ್ಮನ ಕಿಟಕಿ. ಗಾರೆಯವನು ನಾನೇ.

ನನ್ನ ಕೈಲಾಗದು ಎಂದಿದ್ದೆ. ಅಮ್ಮನೇ, "ಯಾವನೋ ಬಂದು ಸೊಟ್ಟಗೆ ಕಟ್ಟಿ ಹೋಗೋದು ಬೇಡ, ನೀನೇ ಕಟ್ಟಪ್ಪ" ಅಂದಳು.

ಮಗುವನ್ನು ಎತ್ತಿಕೊಂಡು ಎದುರಿಗೆ ನಿಂತಿರು. ನನ್ನನ್ನು ಕೂಗಬೇಡ, ನನ್ನ ಬೆನ್ನ ಹಿಂದೆ ಬಂದೂಕಿನವನು ಇರುತ್ತಾನೆ. ಇಟ್ಟಿಗೆ ಏರಿದಂತೆಲ್ಲ ನೀನು ಹಿಂದಕ್ಕೆ ಸರಿಯುತ್ತಾ ಹೋಗು. ಹತ್ತಿರ ನಿಂತರೆ ಮೇಲಿನಿಂದ ಅಮ್ಮನಿಗೆ ಕಾಣುವುದಿಲ್ಲ.

ನಾಳಿದ್ದಿನಿಂದ ಬಂದು ನಿಲ್ಲಬೇಡ. ಅಮ್ಮ ಮಾತ್ರ ಕಿಟಕಿ ಮುಂದಿನ ಕುರ್ಚಿಯನ್ನು ಸರಿಸಲು ಬಿಡುತ್ತಿಲ್ಲ.

ನಿನ್ನ ತಮ್ಮ